ಏದುಸಿರಿಗೆ ಕಾರಣ ಹೃದಯವೋ, ಶ್ವಾಸಕೋಶವೋ?

ಬೆಂಗಳೂರು: ಪೀಣ್ಯದ ಕಾರ್ಖಾನೆಗಳಲ್ಲಿ ದೂಳಿನ ನಡುವೆ ದುಡಿಯುವವರಿಗೆ ಮೆಟ್ಟಿಲೇರುವಾಗ ಏದುಸಿರು ಬಂದರೆ ಮೊದಲು ಸಂಶಯ ಮೂಡುವುದು ಶ್ವಾಸಕೋಶದ ಮೇಲೆ. ಅದು ಹೃದಯ ವೈಫಲ್ಯದ ಲಕ್ಷಣವೂ ಆಗಿರಬಹುದು. ಎರಡನ್ನೂ ಬೇರ್ಪಡಿಸಲು ವೈದ್ಯರಿಗೆ ನೆರವಾಗುವುದು ಬಿಎನ್‌ಪಿ ಅಥವಾ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ.

ಒತ್ತಡದಿಂದ ಹೃದಯದ ಗೋಡೆ ಹಿಗ್ಗಿದಾಗ ಬಿಎನ್‌ಪಿ ಎಂಬ ಹಾರ್ಮೋನು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಹೆಚ್ಚುವರಿ ಉಪ್ಪು, ನೀರನ್ನು ಮೂತ್ರದ ಮೂಲಕ ಹೊರಹಾಕಿಸುವುದು ಅದರ ಕೆಲಸ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು ಹಂದಿಯ ಮಿದುಳಿನಲ್ಲಿ. ಹೀಗಾಗಿ ಹೆಸರಿನ ‘ಬಿ’ ಬ್ರೈನ್‌ನದು, ಕೆಲಸ ಮಾತ್ರ ಹೃದಯದ್ದು!

ತುರ್ತು ಚಿಕಿತ್ಸೆಗೆ ಬಂದವರಲ್ಲಿ ಪ್ರತಿ ಮಿಲಿಲೀಟರ್ ರಕ್ತದಲ್ಲಿ ಬಿಎನ್‌ಪಿ 100 ಪಿಕೊಗ್ರಾಂಗಿಂತ, ಎನ್‌ಟಿ-ಪ್ರೊಬಿಎನ್‌ಪಿಯಾದರೆ 300ಕ್ಕಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ತೀರಾ ಕಡಿಮೆ. ಹೊರರೋಗಿಗಳಿಗೆ ಈ ಮಿತಿ ಕ್ರಮವಾಗಿ 35 ಮತ್ತು 125. ಕಾಯಿಲೆ ‘ಇಲ್ಲ’ ಎನ್ನುವುದರಲ್ಲೇ ಈ ಪರೀಕ್ಷೆಯ ಬಲವಿದೆ. ಅಂಕಿ ಏರಿದ ಮಾತ್ರಕ್ಕೆ ಗಾಬರಿ ಬೇಡ. ಇಳಿವಯಸ್ಸು, ಮೂತ್ರಪಿಂಡದ ತೊಂದರೆ, ಹೃದಯ ಬಡಿತದ ಏರುಪೇರು ಸಹ ಅದನ್ನು ಏರಿಸುತ್ತವೆ. ಖಚಿತಪಡಿಸಲು ಎಕೊ ಪರೀಕ್ಷೆ ಅಗತ್ಯ.

ಸ್ಥೂಲಕಾಯರಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಹೃದಯ ಸೋತಿದ್ದರೂ ಅಂಕಿ ಕಡಿಮೆ ತೋರಬಹುದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದಿನವಿಡೀ ಕುಳಿತೇ ದುಡಿದು ತೂಕ ಏರಿಸಿಕೊಂಡವರು ಇದನ್ನು ಗಮನಿಸಬೇಕು. ಹೃದಯಾಘಾತವನ್ನು ಪತ್ತೆ ಮಾಡುವ ಪರೀಕ್ಷೆಯೂ ಇದಲ್ಲ. ಎದೆನೋವು ಕಾಣಿಸಿಕೊಂಡರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿ ನೋಡುವುದು ಇಸಿಜಿ ಮತ್ತು ಟ್ರೊಪೋನಿನ್.