ಪದವಿಗೆ ಮೊದಲೇ ವೈದ್ಯರಾದ ಮಕ್ಕಳು

2020ರ ಮಾರ್ಚ್ ಕೊನೆಯಲ್ಲಿ ದೇಶದ ಬಾಗಿಲುಗಳೆಲ್ಲ ಮುಚ್ಚಿದಾಗ, ವೈದ್ಯವಿದ್ಯೆಗೆಂದು ಬೆಂಗಳೂರಿಗೆ ಹೋಗಿದ್ದ ನಮ್ಮ ಗಡಿನಾಡಿನ ಮಕ್ಕಳು ಪುಸ್ತಕದ ಗಂಟು ಹೊತ್ತು ಹೊಸೂರು, ತಳಿ, ಕೆಲಮಂಗಲಗಳ ಮನೆಗಳಿಗೆ ಮರಳಿದರು. ರೋಗಿಯ ನಾಡಿಯನ್ನೇ ಹಿಡಿಯದ ಎರಡನೆಯ ವರ್ಷದ ಹುಡುಗನೂ ಊರವರ ಪಾಲಿಗೆ ಡಾಕ್ಟರನಾದನು.

ಆಗ ಕೃಷ್ಣಗಿರಿ ಜಿಲ್ಲೆಯ ಸ್ಥಿತಿ ವಿಚಿತ್ರವಾಗಿತ್ತು. ತಮಿಳುನಾಡಿನ ಉಳಿದೆಲ್ಲ ಜಿಲ್ಲೆಗಳಿಗೆ ಕೊರೋನಾ ತಗುಲಿದ ಮೇಲೂ, ಮೇ ತಿಂಗಳು ಹುಟ್ಟುವವರೆಗೆ ಇಲ್ಲಿ ಒಂದು ಪ್ರಕರಣವೂ ದಾಖಲಾಗಿರಲಿಲ್ಲ. ರೋಗವೆಲ್ಲ ಅತ್ತಿಬೆಲೆಯ ಆಚೆಗೆ, ನಮ್ಮದು ಪುಣ್ಯಭೂಮಿ ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರು ಹೇಳುತ್ತಿದ್ದರೆ, ಕಣ್ಣಿಗೆ ಕಾಣದ ರೋಗದ ಭಯವನ್ನು ಅವರಿಗೆ ತಿಳಿಸುವುದಾದರೂ ಹೇಗೆ?

ತಿಳಿಸಬೇಕಾದ ವಿದ್ಯೆಯೂ ದಿನಕ್ಕೊಂದು ಬಣ್ಣ ತಾಳುತ್ತಿತ್ತು. ಆರೋಗ್ಯವಂತರಿಗೆ ಮಾಸ್ಕ್ ಬೇಕಾಗಿಲ್ಲವೆಂದಿದ್ದ ವಿಶ್ವ ಆರೋಗ್ಯ ಸಂಸ್ಥೆಯೇ, ಸೋಂಕು ಹರಡಿರುವ ಕಡೆ ಜನಸಂದಣಿಯಲ್ಲಿ ಎಲ್ಲರೂ ಧರಿಸಲೆಂದು 2020ರ ಜೂನ್ 5ರಂದು ಮಾತು ತಿದ್ದಿತು. ಅದೇ ಮಾರ್ಚಿನಲ್ಲಿ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಸೂಚಿಸಲ್ಪಟ್ಟಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯನ್ನು 2021ರ ಸೆಪ್ಟೆಂಬರಿನಲ್ಲಿ ದೇಶದ ಚಿಕಿತ್ಸಾ ಸೂಚಿಯಿಂದಲೇ ಕೈಬಿಟ್ಟರು. ನಿನ್ನೆ ಒಂದು ಹೇಳಿದೆ, ಇಂದು ಇನ್ನೊಂದು ಹೇಳುತ್ತೀಯೆ ಎಂದು ಮನೆಯವರು ಗದರಿಸಿದಾಗ ಮಕ್ಕಳು ತಲೆ ತಗ್ಗಿಸಿದ್ದುಂಟು. ತಪ್ಪು ಅವರದಲ್ಲ, ಶಾಸ್ತ್ರ ಬೆಳೆಯುವ ರೀತಿಯೇ ಹಾಗೆ. ಅದನ್ನು ಮನೆಯವರಿಗೆ ವಿವರಿಸುವ ಪಾಠ ಮಾತ್ರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ವೈದ್ಯ ವಿದ್ಯಾರ್ಥಿಗಳ ಅರಿವು, ಮನೋಭಾವ, ಆಚರಣೆ ಎಂಬ ಮೂರನ್ನು ಅಳೆಯಲು ಆ ಕಾಲದಲ್ಲಿ ಅನೇಕ ದೇಶಗಳಲ್ಲಿ ಪ್ರಶ್ನಾವಳಿಗಳು ಹೊರಟವು. ಮೊಬೈಲಿನಲ್ಲಿಯೇ ಬಂದು, ಮೊಬೈಲಿನಲ್ಲಿಯೇ ಮರಳಿದ ಪ್ರಶ್ನೆಗಳು. ಕೈ ತೊಳೆಯುತ್ತೀರಾ ಎಂದರೆ ಇಲ್ಲವೆನ್ನುವ ಭಾವೀ ವೈದ್ಯನುಂಟೆ? ಅಂತಹ ಉತ್ತರಗಳಿಂದ ಅರಿವನ್ನು ಅಳೆಯಬಹುದು. ಆಚರಣೆಯನ್ನು ತಿಳಿಯಲು ಮನೆಯೊಳಗೇ ಇಣುಕಬೇಕು.

ಕೆಲಮಂಗಲದ ಬಳಿಯ ನಮ್ಮ ಪರಿಚಿತರ ಮನೆಯೊಂದರಲ್ಲಿ ಹೀಗೆ ನಡೆಯಿತು. 2021ರ ಮಾರ್ಚಿನಲ್ಲಿ ಅರುವತ್ತು ದಾಟಿದವರಿಗೆ ಲಸಿಕೆ ಆರಂಭವಾಗಿತ್ತು. ಅಂತಿಮ ವರ್ಷದ ಮೊಮ್ಮಗ ರಜೆಗೆ ಬಂದವನು, ಲಸಿಕೆ ದೇಹದಲ್ಲಿ ಏನು ಮಾಡುತ್ತದೆಂಬುದನ್ನು ಅಜ್ಜಿಗೆ ಅರ್ಧ ಗಂಟೆ ವಿವರಿಸಿದನು. ಅಜ್ಜಿ ರಾಗಿ ಕೇರುತ್ತಲೇ ಎಲ್ಲವನ್ನೂ ಕೇಳಿ, ಒಂದೇ ಪ್ರಶ್ನೆ ಹಾಕಿದರು: “ನೀನು ಹಾಕಿಸ್ಕೊಂಡ್ಯಾ ಮಗಾ?”

ಹಾಕಿಸಿಕೊಂಡಿರಲಿಲ್ಲ. ಜನವರಿ 16ರಿಂದಲೇ ಆರೋಗ್ಯ ಸಿಬ್ಬಂದಿಯ ಸಾಲಿನಲ್ಲಿ ಅವನಿಗೆ ಅವಕಾಶವಿತ್ತು. ಪರೀಕ್ಷೆಯ ಹೊತ್ತಿಗೆ ಜ್ವರ ಬಂದೀತು, ಇನ್ನೂ ಸ್ವಲ್ಪ ದಿನ ನೋಡೋಣ ಎಂದು ಮುಂದೂಡಿದ್ದನು. ಸಂಶಯವನ್ನು ಬಗೆಹರಿಸಲು ಹೊರಟವನ ಜೇಬಿನಲ್ಲಿಯೇ ಸಂಶಯವಿತ್ತು. ಆ ವಾರವೇ ಬೆಂಗಳೂರಿಗೆ ಹೋಗಿ ಲಸಿಕೆ ಪಡೆದು ಅಜ್ಜಿಗೆ ಫೋನು ಮಾಡಿದನು. ಮರುದಿನ ಅಜ್ಜಿ ಆರೋಗ್ಯ ಕೇಂದ್ರಕ್ಕೆ ನಡೆದರು.

ಎರಡನೆಯ ಅಲೆ ಏರಿದಾಗ, ಮೇ 3ರಂದು ಕೇಂದ್ರ ಸರಕಾರವು ಅಂತಿಮ ವರ್ಷದವರನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಸೌಮ್ಯ ಲಕ್ಷಣದ ರೋಗಿಗಳ ದೂರವಾಣಿ ಸಲಹೆಗೆ ನಿಯೋಜಿಸಬಹುದೆಂದಿತು. ಇವನಿಗೂ ಆ ಕೆಲಸ ಬಂತು. ಮೊದಮೊದಲು ಆಕ್ಸಿಮೀಟರಿನ ಅಂಕಿ 94ಕ್ಕಿಂತ ಕೆಳಗಿದೆಯೇ ಎಂದು ಕೇಳಿ ಬರೆದುಕೊಳ್ಳುತ್ತಿದ್ದನಂತೆ. ಕೆಲವು ದಿನಗಳ ಬಳಿಕ, “ಊಟಕ್ಕೆ ಏನು ಮಾಡಿದ್ದಿರಿ?” ಎಂದು ಮೊದಲು ಕೇಳತೊಡಗಿದನು. ಸಾರು ಪಲ್ಯಗಳ ಹೆಸರು ಹೇಳುವಷ್ಟರಲ್ಲಿ ಅವರು ಎಲ್ಲೆಲ್ಲಿ ಉಸಿರಿಗೆ ನಿಲ್ಲುತ್ತಾರೆಂಬುದು ಕಿವಿಗೆ ತಿಳಿಯುತ್ತಿತ್ತು ಎಂದು ನಮಗೆ ಹೇಳಿದನು.