ಏಳನೇ ಕ್ಲಾಸ್ ಮುಗೀತು, ಮುಂದೆ?

ಏಪ್ರಿಲ್, ಮೇ ಬಂತೆಂದರೆ ಎಲ್ಲೆಲ್ಲೂ ರಿಸಲ್ಟಿನದೇ ಮಾತು. ಪಿಯುಸಿಯಲ್ಲಿ ಯಾರಿಗೆಷ್ಟು, ಎಸ್‌ಎಸ್‌ಎಲ್‌ಸಿಯಲ್ಲಿ ಯಾವ ಜಿಲ್ಲೆ ಫಸ್ಟು, ಸಿಇಟಿ ರ‍್ಯಾಂಕ್ ಯಾರಿಗೆ ಬಂತು. ಟಾಪರ್ ಬಾಯಿಗೆ ಅಪ್ಪ ಅಮ್ಮ ಸಿಹಿ ಇಡುವ ಫೋಟೊ ಪೇಪರ್‌ನಲ್ಲಿ ಬರುತ್ತದೆ. ಅದೇ ಹೊತ್ತಿನಲ್ಲಿ ಇನ್ನೊಂದು ರಿಸಲ್ಟೂ ಬಂದಿರುತ್ತದೆ. ಅದು ಊರ ಸರ್ಕಾರಿ ಪ್ರಾಥಮಿಕ ಶಾಲೆಯ ರಿಸಲ್ಟು. ಅದನ್ನು ಯಾವ ಪೇಪರೂ ಹಾಕುವುದಿಲ್ಲ, ಯಾವ ವೆಬ್‌ಸೈಟೂ ಕ್ರ್ಯಾಶ್ ಆಗುವುದಿಲ್ಲ.

ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಏಪ್ರಿಲ್ ಹತ್ತು ಎಂದರೆ ಸಾಕು, ಉಳಿದದ್ದು ತಾನಾಗಿ ನೆನಪಾಗುತ್ತದೆ. ಆ ದಿನ, ಅಥವಾ ಅದರ ಹಿಂದುಮುಂದಿನ ದಿನ, ಫಲಿತಾಂಶ. ಮಾರನೇ ದಿನದಿಂದ ಬೇಸಿಗೆ ರಜೆ. ಮತ್ತೆ ಬಾಗಿಲು ತೆಗೆಯುವುದು ಮೇ ಕೊನೆಯ ವಾರ. 'ಪಾಸಾ, ಫೇಲಾ?' ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು. ಪಾಸು ಎಂದರೆ ಅಂಗಡಿಯವರು ಒಂದು ಚಾಕೊಲೇಟ್ ಪುಕ್ಕಟೆ ಕೊಡುತ್ತಿದ್ದರು.

ಈಗ ದೂರದಿಂದ ನೋಡಿದಾಗ ಒಂದು ಮಾತು ಹೇಳಬೇಕೆನಿಸುತ್ತದೆ. ಪ್ರಾಥಮಿಕ ಶಾಲೆಯಲ್ಲಿ ವರ್ಷದ ಕೊನೆಗೆ ಕೇಳಬೇಕಾದ ಪ್ರಶ್ನೆ 'ಪಾಸಾ, ಫೇಲಾ' ಅಲ್ಲ. 'ಮುಂದೆ ಎಲ್ಲಿಗೆ?' ಎನ್ನುವುದು.

ರಜೆಗೆ ಮುಂಚಿನ ಗಡಿಬಿಡಿ

ವರ್ಷದ ಕೊನೆಯ ಎರಡು ತಿಂಗಳು ಶಾಲೆ ಒಂದು ಮದುವೆ ಮನೆಯ ಹಾಗಿರುತ್ತದೆ. ಫೆಬ್ರುವರಿ ಹೊತ್ತಿಗೆ ವಾರ್ಷಿಕೋತ್ಸವ. ಪೆಂಡಾಲ್‌ಗೆ ದುಡ್ಡು ಹೊಂದಿಸುವುದು, ಡ್ಯಾನ್ಸಿಗೆ ಬಾಡಿಗೆ ಡ್ರೆಸ್ ತರುವುದು, ಮೈಕ್ ಸೆಟ್ಟಿನವರಿಗೆ ಅಡ್ವಾನ್ಸ್. ಅದು ಮುಗಿಯುತ್ತಿದ್ದಂತೆ ಎರಡನೇ ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ಎಸ್‌ಎ-2. ಪತ್ರಿಕೆ ತಿದ್ದಬೇಕು, ವರ್ಷವಿಡೀ ನಡೆದ ಕಿರುಪರೀಕ್ಷೆಗಳ ಅಂಕದ ಜೊತೆ ಕೂಡಿಸಿ ಗ್ರೇಡ್ ಹಾಕಬೇಕು, ಪ್ರಗತಿ ಪತ್ರ ಬರೆಯಬೇಕು, ಅದೇ ಅಂಕವನ್ನು ಎಸ್‌ಎಟಿಎಸ್ ತಂತ್ರಾಂಶದಲ್ಲಿ ತುಂಬಬೇಕು. ನೆಟ್‌ವರ್ಕ್ ಸಿಗುವ ಜಾಗ ಹುಡುಕಿಕೊಂಡು ಶಾಲೆಯ ಜಗುಲಿ ತುದಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಮೇಷ್ಟ್ರನ್ನು ನೀವೂ ನೋಡಿರಬಹುದು.

ಇಷ್ಟೇ ಅಲ್ಲ. ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಎಷ್ಟು ಉಳಿದಿದೆ ಎಂದು ಅಳೆದು ಲೆಕ್ಕ ಬರೆಯಬೇಕು. ಉಳಿದ ಅಕ್ಕಿಗೆ ಹುಳ ಬೀಳದ ಹಾಗೆ, ಇಲಿ ತಿನ್ನದ ಹಾಗೆ ಕಟ್ಟಿಡಬೇಕು. ಹಳೆಯ ಪಠ್ಯಪುಸ್ತಕಗಳನ್ನು ಮಕ್ಕಳಿಂದ ವಾಪಸ್ ಪಡೆದು ಪುಸ್ತಕ ಬ್ಯಾಂಕಿಗೆ ಸೇರಿಸಬೇಕು. ಜೂನ್‌ನಲ್ಲಿ ಹೊಸ ಪುಸ್ತಕ ಬರುವುದು ತಡವಾದರೆ ಕೈಗೆ ಸಿಗುವುದು ಇವೇ.

ಈ ಎಲ್ಲವನ್ನೂ ಮಾಡುವವರು ಎಷ್ಟು ಜನ? ಎಷ್ಟೋ ಹಳ್ಳಿ ಶಾಲೆಗಳಲ್ಲಿ ಇಬ್ಬರು, ಮೂವರು. ಅವರಲ್ಲಿ ಒಬ್ಬರು ಅತಿಥಿ ಶಿಕ್ಷಕರು. ಅವರ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಮಕ್ಕಳಿಗೆ ರಜೆ ಸಿಕ್ಕ ದಿನವೇ ಅವರ ಗೌರವಧನವೂ ನಿಲ್ಲುತ್ತದೆ. 'ಮಿಸ್, ಜೂನಲ್ಲಿ ಮತ್ತೆ ನೀವೇ ಬರ್ತೀರಲ್ವಾ?' ಎಂದು ಮಕ್ಕಳು ಕೇಳಿದರೆ ಅವರ ಬಳಿ ಉತ್ತರ ಇರುವುದಿಲ್ಲ. ಡಿ.ಇಡಿ, ಬಿ.ಇಡಿ ಮುಗಿಸಿ ಟಿಇಟಿ ಬರೆದು ನೇಮಕಾತಿಗೆ ಕಾಯುತ್ತಿರುವ ಈ ಪುಟದ ಓದುಗರಿಗೆ ಆ ಮೌನ ಚೆನ್ನಾಗಿ ಅರ್ಥವಾಗುತ್ತದೆ.

ಸೆಂಡಾಫ್ ದಿನದ ಕೇಸರಿಬಾತ್

ನಮ್ಮ ರಾಜ್ಯದ ಬಹುತೇಕ ಹಿರಿಯ ಪ್ರಾಥಮಿಕ ಶಾಲೆಗಳು ಏಳನೇ ತರಗತಿಗೆ ಮುಗಿಯುತ್ತವೆ. ಎಂಟಕ್ಕೆ ಬೇರೆ ಕಟ್ಟಡ, ಬೇರೆ ಊರು. ಹಾಗಾಗಿ ಏಳನೇ ಕ್ಲಾಸಿನವರಿಗೆ ಬೀಳ್ಕೊಡುಗೆ ಇರುತ್ತದೆ. ಮಕ್ಕಳೇ ಐವತ್ತು, ನೂರು ಹಾಕಿ ಶಾಲೆಗೊಂದು ಗೋಡೆ ಗಡಿಯಾರವನ್ನೋ, ಗಾಂಧೀಜಿ ಅಥವಾ ಅಂಬೇಡ್ಕರ್ ಫೋಟೊವನ್ನೋ ಕೊಡುತ್ತಾರೆ. ಉಪ್ಪಿಟ್ಟು, ಕೇಸರಿಬಾತ್. ಗ್ರೂಪ್ ಫೋಟೊ. ಆರನೇ ಕ್ಲಾಸಿನ ಮಕ್ಕಳು ಭಾಷಣ ಬರೆದು ತಂದು ಅರ್ಧಕ್ಕೇ ಅಳಲು ಶುರುಮಾಡುತ್ತಾರೆ. 'ದೊಡ್ಡವರಾದ ಮೇಲೆ ಶಾಲೆ ಮರೀಬೇಡಿ ಕಣ್ರಪ್ಪಾ' ಎಂದು ಹೆಡ್‌ಮಾಸ್ಟರ್ ಹೇಳುತ್ತಾರೆ.

ಈ ಮಕ್ಕಳು ಆ ಕಟ್ಟಡದ ಗೇಟು ದಾಟಿ ಮುಂದಿನ ಗೇಟು ಸೇರುವ ತನಕ ಒಂದೂವರೆ ತಿಂಗಳ ಅಂತರ ಇರುತ್ತದೆ. ಆ ಅಂತರದಲ್ಲಿ ಅವರು ಯಾರ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಹಳೆಯ ಶಾಲೆಯ ಪಾಲಿಗೆ ಹೋದವರು, ಹೊಸ ಶಾಲೆಯ ಪಾಲಿಗೆ ಇನ್ನೂ ಬರದವರು. ಒಂದು ಮಗು ಓದು ಬಿಡುವುದಿದ್ದರೆ ಗಲಾಟೆಯಿಲ್ಲದೆ ಬಿಡುವುದು ಈ ದಿನಗಳಲ್ಲೇ.

ಬೇಸಿಗೆಯೂ ಅದಕ್ಕೆ ಅನುಕೂಲವಾಗಿಯೇ ಇರುತ್ತದೆ. 'ರಜೆ ಇದೆಯಲ್ಲ, ಎರಡು ತಿಂಗಳು ಬರಲಿ' ಎಂದು ಬೇಕರಿಗೋ, ಟೀ ಅಂಗಡಿಗೋ, ಇಟ್ಟಿಗೆ ಗೂಡಿಗೋ ಕರೆದುಕೊಂಡು ಹೋಗುವ ನೆಂಟರು ಸಿಗುತ್ತಾರೆ. ಹೋದ ಹುಡುಗನ ಕೈಗೆ ಮೊದಲ ಸಲ ದುಡ್ಡು ಬಂದಿರುತ್ತದೆ. ಜೂನ್‌ನಲ್ಲಿ ವಾಪಸ್ ಬರಲು ಅವನಿಗೂ ಮನಸ್ಸಿರುವುದಿಲ್ಲ, ಕಳಿಸಲು ಮಾಲೀಕನಿಗೂ ಇರುವುದಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಹೀಗೆ ಕೆಲಸಕ್ಕಿಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ ಎನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ.

ಉಳಿದುಹೋದ ಒಂದು ಟಿ.ಸಿ.

ಕಳೆದ ಏಪ್ರಿಲ್‌ನಲ್ಲಿ ಸಾಲು ರಜೆಗೆ ಊರಿಗೆ ಹೋಗಿದ್ದಾಗ ನಾನು ಓದಿದ ಶಾಲೆಯ ಮೇಷ್ಟ್ರು ಎಸ್‌ಎಟಿಎಸ್ ಎಂಟ್ರಿಗೆ ಸ್ವಲ್ಪ ಸಹಾಯ ಮಾಡು ಎಂದು ಕರೆದಿದ್ದರು. ಅವರ ಮೇಜಿನ ಮೇಲೆ ಏಳನೇ ಕ್ಲಾಸಿನ ಹನ್ನೊಂದು ಮಕ್ಕಳ ಪಟ್ಟಿ ಇತ್ತು. ಪ್ರತಿ ಹೆಸರಿನ ಮುಂದೆ ಯಾವ ಹೈಸ್ಕೂಲು ಎಂದು ಬರೆದಿದ್ದರು. ಒಂದು ಹೆಸರಿನ ಮುಂದೆ ಮಾತ್ರ ಏನೂ ಇರಲಿಲ್ಲ. ಆ ಹುಡುಗಿ ದಡ್ಡಿಯಲ್ಲ, ಕ್ಲಾಸಿಗೆ ಎರಡನೆಯವಳು.

ಸಂಜೆ ಮೇಷ್ಟ್ರ ಜೊತೆ ಅವರ ಮನೆಗೆ ಹೋದೆ. ದುಡ್ಡಿನ ತೊಂದರೆ ಇರಬಹುದು, ಇಲ್ಲವೇ ಹೆಣ್ಣುಮಗು ಎಂಬ ಹಿಂಜರಿಕೆ ಇರಬಹುದು ಎಂದುಕೊಂಡಿದ್ದೆವು. ಅವರಮ್ಮ ಹೇಳಿದ್ದು ಬೇರೆ. 'ಓದ್ಸಬಾರ್ದು ಅಂತೇನಿಲ್ಲ ಸಾ. ಚಿಕ್ಕೋನ್ನ ನೋಡ್ಕಳಾರು ಯಾರು? ನಾನು ಎಂಟು ಗಂಟೆಗೆ ಕೂಲಿಗೆ ಹೋಗ್ಬೇಕು' ಎಂದರು. ಮನೆಯಲ್ಲಿ ಮೂರು ವರ್ಷದ ತಮ್ಮ ಇದ್ದ. ಊರಲ್ಲೇ ಶಾಲೆ ಇದ್ದಾಗ ಹುಡುಗಿ ಬೆಳಿಗ್ಗೆ ತಮ್ಮನನ್ನು ಎತ್ತಿಕೊಂಡೇ ಬಂದು ಅಂಗನವಾಡಿಗೆ ಬಿಟ್ಟು ಕ್ಲಾಸಿಗೆ ಕೂರುತ್ತಿದ್ದಳು. ಹೈಸ್ಕೂಲು ಇರುವುದು ಆರು ಕಿಲೋಮೀಟರ್ ಆಚೆಯ ಹೋಬಳಿ ಕೇಂದ್ರದಲ್ಲಿ. ಬಸ್ಸು ಎಂಟೂವರೆಗೆ. ಅಂಗನವಾಡಿ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಬಸ್ಸಿನಲ್ಲಿರಬೇಕು. ಇಡೀ ಸಮಸ್ಯೆ ಇದ್ದದ್ದು ಆ ಒಂದು ಗಂಟೆಯಲ್ಲಿ.

ಮೇಷ್ಟ್ರು ಭಾಷಣ ಮಾಡಲಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕೂಗಿದರು. ಅಂಗನವಾಡಿ ಮಿಸ್‌ಗೆ ಫೋನ್ ಮಾಡಿದರು. ಆ ಒಂದು ಗಂಟೆ ಅಜ್ಜಿ ನೋಡಿಕೊಳ್ಳುವುದು, ಆಮೇಲೆ ಅಂಗನವಾಡಿಗೆ ಬಿಡುವುದು ಎಂದಾಯಿತು. ಆದರೂ ಅವತ್ತೇ ಅವರಮ್ಮ ಹೂಂ ಅನ್ನಲಿಲ್ಲ. ಮೇಷ್ಟ್ರು ರಜೆಯಲ್ಲಿ ಇನ್ನೂ ಎರಡು ಸಲ ಹೋಗಿ ಬಂದರಂತೆ. ಜೂನ್ ಎರಡನೇ ವಾರ ಅವಳು ಎಂಟನೇ ತರಗತಿಗೆ ಸೇರಿದಳು.

ಹತ್ತು ಮಕ್ಕಳ ಪಾಲಿಗೆ ಟಿ.ಸಿ. ಎಂದರೆ ಒಂದು ಸಹಿ, ಒಂದು ಸೀಲು. ಹನ್ನೊಂದನೆಯವಳ ಪಾಲಿಗೆ ಅದು ಮೂರು ಸಲದ ಓಡಾಟ. ಆ ಓಡಾಟ ಯಾವ ತಂತ್ರಾಂಶದಲ್ಲೂ ದಾಖಲಾಗಿಲ್ಲ.

ಬಸ್ಸು ಫ್ರೀ, ಆದರೆ ಬಸ್ಸೇ ಇಲ್ಲ

ಮುಂದಿನ ಗೇಟು ದೂರವಿದೆ ಎನ್ನುವುದು ಸರ್ಕಾರಕ್ಕೂ ಗೊತ್ತಿಲ್ಲದ ಸಂಗತಿಯಲ್ಲ. ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿದ್ದು ಇದೇ ಕಾರಣಕ್ಕೆ. ನನ್ನ ವಯಸ್ಸಿನವರ ಅಕ್ಕ ಅಣ್ಣಂದಿರು ಆ ಸೈಕಲ್ ತುಳಿದೇ ಎಸ್‌ಎಸ್‌ಎಲ್‌ಸಿ ಮುಗಿಸಿದರು. ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು. ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಬರುವ ಊರಿನಲ್ಲಿ ಟಿಕೆಟ್ ಉಚಿತವಾದರೂ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಸ್ಟ್ಯಾಂಡಿನಲ್ಲಿ ಕಾಯುವುದು ತಪ್ಪುವುದಿಲ್ಲ. ಕತ್ತಲಾದ ಮೇಲೆ ಮಗಳು ಮನೆಗೆ ಬಂದರೆ ಯಾವ ತಾಯಿ ಸುಮ್ಮನಿರುತ್ತಾಳೆ?

ಇಲ್ಲಿ ಒಂದು ವಿಷಯ ಗೊತ್ತಿರಲಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗೂ ಅನ್ವಯಿಸುತ್ತದೆ. ಅಂದರೆ ಏಳು ಮುಗಿದರೆ ಹಕ್ಕು ಮುಗಿಯುವುದಿಲ್ಲ. ಅದೇ ಕಾಯ್ದೆಯ 5ನೇ ಕಲಂ ಪ್ರಕಾರ, ಮಗು ಬೇರೆ ಶಾಲೆಗೆ ಹೋಗಬೇಕಾದಾಗ ಮುಖ್ಯ ಶಿಕ್ಷಕರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಪತ್ರ ತಡವಾಯಿತು ಎನ್ನುವ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 'ಟಿ.ಸಿ. ತಂದ ಮೇಲೆ ಬನ್ನಿ' ಎಂದು ವಾಪಸ್ ಕಳಿಸಿದರೆ ಕೂಲಿ ಬಿಟ್ಟು ಬಂದ ಅಪ್ಪ ಮತ್ತೆ ಬರುವುದು ಯಾವಾಗಲೋ. ಈ ಒಂದು ಕಲಂ ಗೊತ್ತಿದ್ದರೆ ಅಷ್ಟು ಓಡಾಟ ಉಳಿಯುತ್ತದೆ.

ತಲೆ ಎಣಿಕೆಯ ಭಯ

ಹೋಗುವವರದ್ದು ಈ ಕಥೆಯಾದರೆ, ಬರುವವರದ್ದು ಇನ್ನೊಂದು. ಹನ್ನೊಂದು ಮಕ್ಕಳು ಏಳರಿಂದ ಹೊರಗೆ ಹೋದರೆ ಒಂದನೇ ತರಗತಿಗೆ ಎಷ್ಟು ಜನ ಬರುತ್ತಾರೆ? ನಾಲ್ಕು? ಐದು? ಏಪ್ರಿಲ್‌ನಲ್ಲಿ ಶಿಕ್ಷಕರು ಅಂಗನವಾಡಿ ಪಟ್ಟಿ ಹಿಡಿದು ಮನೆಮನೆ ತಿರುಗುವುದು ಇದಕ್ಕೇ. ಅದೇ ಬೀದಿಗೆ ಖಾಸಗಿ ಶಾಲೆಯ ಹಳದಿ ವ್ಯಾನೂ ಬರುತ್ತದೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮದ ಗೊಂದಲ ಬೇರೆ. 2025-26ನೇ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು.

ಮಕ್ಕಳ ಸಂಖ್ಯೆ ಶಿಕ್ಷಕರ ಸಂಖ್ಯೆಯನ್ನು ನಿರ್ಧರಿಸುತ್ತದೆ. ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಮಕ್ಕಳು ಕಡಿಮೆಯಾದರೆ ಶಿಕ್ಷಕರು 'ಹೆಚ್ಚುವರಿ' ಪಟ್ಟಿಗೆ ಸೇರಿ ಬೇರೆ ಕಡೆ ಹೋಗುತ್ತಾರೆ. ಶಿಕ್ಷಕರು ಕಡಿಮೆಯಾದರೆ, 'ಅಲ್ಲಿ ಮೇಷ್ಟ್ರೇ ಇಲ್ಲ' ಎಂದು ಇನ್ನಷ್ಟು ಮಕ್ಕಳು ವ್ಯಾನ್ ಹತ್ತುತ್ತಾರೆ. ನಿಯಂತ್ರಣ ವ್ಯವಸ್ಥೆಗಳ ಪಾಠದಲ್ಲಿ ನಾವು ಪಾಸಿಟಿವ್ ಫೀಡ್‌ಬ್ಯಾಕ್ ಎಂದು ಓದುವುದು ಇದನ್ನೇ. ಹೆಸರು ಪಾಸಿಟಿವ್, ಪರಿಣಾಮ ಮಾತ್ರ ಶಾಲೆಗೆ ಬೀಗ.

ಆ ಬೀಗ ಬಿದ್ದರೆ ಹೋಗುವುದು ಪಾಠ ಮಾತ್ರವಲ್ಲ. 2024ರ ಬೇಸಿಗೆ ನೆನಪಿರಬಹುದು. ಬರ ಬಂದಿತ್ತು. ರಜೆಯಲ್ಲೂ ಬರಪೀಡಿತ ತಾಲ್ಲೂಕುಗಳ ಮಕ್ಕಳಿಗೆ ಶಾಲೆಯಲ್ಲಿ ಬಿಸಿಯೂಟ ಹಾಕಿದರು. ಪಾಠವಿಲ್ಲದ ದಿನವೂ ತಟ್ಟೆ ಹಿಡಿದು ಬಂದ ಮಕ್ಕಳನ್ನು ನೋಡಿದವರಿಗೆ ಹಳ್ಳಿಯಲ್ಲಿ ಒಂದು ಶಾಲೆ ಇರುವುದು ಎಂದರೇನು ಎಂದು ವಿವರಿಸಬೇಕಾಗಿಲ್ಲ.

ನಾವೇನು ಮಾಡಬಹುದು?

ನಾವು ಕಾಲೇಜಿನವರು, ಕೆಲಸ ಹುಡುಕುತ್ತಿರುವವರು. ನಮ್ಮ ಕೈಯಲ್ಲಿ ದುಡ್ಡಿಲ್ಲ, ಶಾಲೆಗೆ ಕಟ್ಟಡ ಕಟ್ಟಿಸಿಕೊಡುವ ಶಕ್ತಿಯಿಲ್ಲ. ಆದರೆ ಈ ಕೆಲಸಕ್ಕೆ ಬೇಕಿರುವುದು ದುಡ್ಡಲ್ಲ.

ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ನೀವು ಓದಿದ ಶಾಲೆಗೆ ಹೋಗಿ, ಏಳನೇ ಕ್ಲಾಸಿನ ಪಟ್ಟಿ ಕೇಳಿ. ಯಾರ ಹೆಸರಿನ ಮುಂದೆ ಹೈಸ್ಕೂಲು ಬರೆದಿಲ್ಲ ನೋಡಿ. ಮೇಷ್ಟ್ರ ಜೊತೆ ಆ ಮನೆಗೆ ಹೋಗಿ, ಬುದ್ಧಿ ಹೇಳುವ ಮೊದಲು ಕಾರಣ ಕೇಳಿ.

ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಸ್ಕಾಲರ್‌ಶಿಪ್ ಹೇಗೆ ಕೈತಪ್ಪುತ್ತದೆ ಎಂದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಒದ್ದಾಡಿದ ನಮಗೆ ಗೊತ್ತು. ಏಳನೇ ಕ್ಲಾಸಿನಲ್ಲೇ ಅದನ್ನು ಸರಿಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅರ್ಜಿ ಹಾಕಲು ಜೊತೆಗೆ ಹೋಗಿ.

ಒಂದೇ ಬೀದಿಯ ಇಬ್ಬರು ಮೂವರು ಮಕ್ಕಳು ಒಂದೇ ಹೈಸ್ಕೂಲು ಸೇರುವ ಹಾಗೆ ಮನೆಯವರಲ್ಲಿ ಮಾತಾಡಿಸಿ. ಜೊತೆ ಇದ್ದರೆ ದಾರಿಯ ಭಯ ಅರ್ಧ ಕಡಿಮೆ. ಬಸ್ಸಿನ ಸಮಯ ಹೊಂದುತ್ತಿಲ್ಲವೆಂದರೆ ಒಂದು ಮನವಿ ಬರೆದು, ಪೋಷಕರ ಸಹಿ ಹಾಕಿಸಿ, ಡಿಪೊ ಮ್ಯಾನೇಜರ್‌ಗೆ ಕೊಡಿ. ಕೆಲಸಕ್ಕೆ ಹೋದ ಮಗು ವಾಪಸ್ ಬಂದಿಲ್ಲವೆಂದರೆ, ಮದುವೆ ಮಾತುಕತೆ ನಡೆಯುತ್ತಿದೆಯೆಂದರೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ, ಕರೆ ಉಚಿತ.

ಕೊನೆಯದಾಗಿ, ಜೂನ್ ಮೊದಲ ವಾರ ಹಾಸ್ಟೆಲಿನಿಂದಲೇ ಒಂದು ಫೋನ್ ಮಾಡಿ. 'ಸಾರ್, ನಮ್ಮೂರ ಏಳನೇ ಕ್ಲಾಸಿನವರೆಲ್ಲ ಎಂಟಕ್ಕೆ ಸೇರಿದರಾ?' ಎಂದು ಕೇಳಿ. ಉತ್ತರ 'ಎಲ್ಲರೂ' ಎಂದು ಬರಬೇಕು. 'ಒಬ್ಬರು ಬಿಟ್ಟು' ಎಂದು ಬಂದರೆ, ಆ ಒಬ್ಬರ ಮನೆಯ ನಂಬರ್ ಕೇಳಿ ತೆಗೆದುಕೊಳ್ಳಿ.