ಹೆಸರು ಹಳೆಯದು, ಯಂತ್ರ ಯಾರದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಭಕ್ತರ ಮನೆಗಳಿಗೆ ನಾವು ಹೋದಾಗ ಹಿರಿಯರು ಕೇಳುವ ಪ್ರಶ್ನೆಗಳ ಸಾಲಿಗೆ ಈಚೆಗೆ ಹೊಸದೊಂದು ಸೇರಿಕೊಂಡಿದೆ. “ಶಾಸ್ತ್ರಿಗಳೇ, ಮೊದಲಿದ್ದ ಫೋನಿನ ಹೆಸರನ್ನೇ ನೋಡಿ ಹೊಸದನ್ನು ತಂದೆವು. ಹೆಸರು ಅದೇ, ಬಾಳಿಕೆ ಅದಲ್ಲ. ಇದೇಕೆ ಹೀಗೆ?” ಕಡಲೆಕಾಯಿ ಮಾರಿದ ಹಣದಿಂದಲೋ, ಗೃಹಲಕ್ಷ್ಮಿ ಯೋಜನೆಯ ತಿಂಗಳ ₹2,000 ಕೂಡಿಟ್ಟೋ ಕೊಂಡ ವಸ್ತುವಿನ ಬಗೆಗಿನ ಈ ಪ್ರಶ್ನೆಯನ್ನು ಹಗುರವಾಗಿ ಕಾಣಲು ನಮಗೆ ಮನಸ್ಸಾಗದು.

ಹಳೆಯ ಹೆಸರುಗಳ ಮೇಲಣ ವಿಶ್ವಾಸ ಸುಮ್ಮನೆ ಹುಟ್ಟಿದ್ದಲ್ಲ. 2003ರಲ್ಲಿ ಬಂದ ನೋಕಿಯಾ 1100 ಎಂಬ ಪುಟ್ಟ ಫೋನನ್ನು ಓದುಗರಲ್ಲಿ ಅನೇಕರು ಬಳಸಿರಬಹುದು. ನೆತ್ತಿಯ ಮೇಲೊಂದು ಟಾರ್ಚು, ಧೂಳು ಹೊಗದಂತಹ ಗುಂಡಿಗಳು, ದಿನಗಟ್ಟಲೆ ನಿಲ್ಲುವ ಬ್ಯಾಟರಿ. ಜಗತ್ತಿನಲ್ಲಿ ಅದು 25 ಕೋಟಿಗೂ ಮಿಕ್ಕಿ ಮಾರಾಟವಾಯಿತು. ರಾತ್ರಿ ಪಾಳಿಯ ಕರೆಂಟಿಗೆ ಕಾದು ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ನಡೆಯುತ್ತಿದ್ದ ನಮ್ಮ ರೈತನಿಗೆ ಅದು ಮಾತಿನ ಯಂತ್ರವೂ ಆಗಿತ್ತು, ದಾರಿಯ ದೀಪವೂ ಆಗಿತ್ತು.

ಆ ಹೆಸರಿನ ಕಥೆ ಕುತೂಹಲಕರವಾದುದು. ಫಿನ್ಲೆಂಡ್ ದೇಶದಲ್ಲಿ 1865ರಲ್ಲಿ ಕಾಗದದ ತಿರುಳಿನ ಗಿರಣಿಯಾಗಿ ಆರಂಭವಾದ ಸಂಸ್ಥೆ ಅದು. ನೋಕಿಯಾ ಎಂಬುದು ಅಲ್ಲಿಯ ಒಂದು ಊರಿನ ಹೆಸರು. 2014ರಲ್ಲಿ ಸಂಸ್ಥೆಯು ತನ್ನ ಫೋನ್ ವ್ಯವಹಾರವನ್ನು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಗೆ ಮಾರಿತು. ಚೆನ್ನೈ ಬಳಿಯ ಶ್ರೀಪೆರಂಬುದೂರಿನ ಅದರ ಕಾರ್ಖಾನೆ ಅದೇ ವರ್ಷ ಮುಚ್ಚಿತು. 2016ರಲ್ಲಿ ಎಚ್‌ಎಂಡಿ ಗ್ಲೋಬಲ್ ಎಂಬ ಬೇರೊಂದು ಫಿನ್ಲೆಂಡ್ ಕಂಪನಿ, ಫೋನುಗಳ ಮೇಲೆ ಆ ಹೆಸರನ್ನು ಹಾಕುವ ಪರವಾನಗಿಯನ್ನು ಪಡೆಯಿತು. ಯಂತ್ರವನ್ನು ಜೋಡಿಸುವವರು ಇನ್ನೂ ಬೇರೆಯವರು, ಗುತ್ತಿಗೆ ಕಾರ್ಖಾನೆಗಳವರು. ಮೂಲ ನೋಕಿಯಾ ಸಂಸ್ಥೆ ಇಂದಿಗೂ ಇದೆ. ಆದರೆ ಅದು ದೂರಸಂಪರ್ಕ ಜಾಲದ, ಅಂದರೆ ಟವರುಗಳ ಉಪಕರಣಗಳನ್ನು ತಯಾರಿಸುತ್ತದೆ.

ಹೆಸರನ್ನು ಪರವಾನಗಿಗೆ ಕೊಡುವುದೆಂದರೇನು? ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಾಗ ರೈತರ ಭೂಮಿಯನ್ನು ಕ್ರಯಕ್ಕೆ ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ ₹21,000ದಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಪಹಣಿಯಲ್ಲಿರುವುದು ರೈತನ ಹೆಸರು. ನೆಲದ ಮೇಲಿನ ಫಲಕಗಳು ಅನ್ಯರವು. ಆ ಫಲಕಗಳ ಗುಣದೋಷಕ್ಕೆ ರೈತನನ್ನು ಯಾರೂ ಹೊಣೆ ಮಾಡುವುದಿಲ್ಲ. ಫೋನಿನ ಹಳೆಯ ಹೆಸರೂ ಹೀಗೆಯೇ ಗುತ್ತಿಗೆಗೆ ಹೋದ ಹೊಲ. ವ್ಯತ್ಯಾಸವಿಷ್ಟೇ: ತಿರುಮಣಿಯಲ್ಲಿ ಫಲಕಗಳು ಕಣ್ಣಿಗೆ ಕಾಣುತ್ತವೆ, ಅಂಗಡಿಯಲ್ಲಿ ಹೆಸರು ಮಾತ್ರ ಕಾಣುತ್ತದೆ.

ಇಂತಹ ಹೆಸರುಗಳು ಹಲವು. ಕೆನಡಾದ ಬ್ಲ್ಯಾಕ್‌ಬೆರಿ 2016ರಲ್ಲಿ ತಾನೇ ಫೋನ್ ತಯಾರಿಸುವುದನ್ನು ನಿಲ್ಲಿಸಿ ಹೆಸರನ್ನು ಬೇರೆಯವರಿಗೆ ಕೊಟ್ಟಿತು. ಮೋಟೊರೋಲಾ ಫೋನುಗಳ ವ್ಯವಹಾರ 2014ರಲ್ಲಿ ಚೀನದ ಲೆನೊವೊ ಪಾಲಾಯಿತು. ಫ್ರಾನ್ಸಿನ ಅಲ್ಕಾಟೆಲ್ ಎಂಬ ಹೆಸರು ಇಂದು ನೋಕಿಯಾದ ಸ್ವತ್ತು, ಅದನ್ನು ಫೋನುಗಳಿಗೆ ಬಳಸುವ ಪರವಾನಗಿ ಚೀನದ ಟಿಸಿಎಲ್ ಕಂಪನಿಯದು. 2025ರಲ್ಲಿ ಆ ಹೆಸರು ಭಾರತದ ಪೇಟೆಗೆ ಮರಳಿ ಬಂತು. ಇವುಗಳಲ್ಲದೆ, ಒಂದೇ ಕಾರ್ಖಾನೆ ರೂಪಿಸಿದ ಅಗ್ಗದ ಫೋನು ಬೆನ್ನಿನ ಹೊದಿಕೆಯನ್ನಷ್ಟೇ ಬದಲಿಸಿಕೊಂಡು ನಾಲ್ಕಾರು ಹೆಸರುಗಳಲ್ಲಿ ಮಾರಾಟವಾಗುವುದೂ ಉಂಟು.

ಇದೆಲ್ಲ ಮೋಸವೆಂದು ನಾವು ಹೇಳುತ್ತಿಲ್ಲ. ಹೆಸರಿನ ಪರವಾನಗಿ ಕಾನೂನು ಒಪ್ಪಿದ ವ್ಯವಹಾರ. ಅಂತಹ ಫೋನುಗಳಲ್ಲಿ ಒಳ್ಳೆಯವೂ ಇವೆ. ನಮಗೆ ಸಲ್ಲದೆಂದು ತೋರುವುದು “ಅದೇ ಹಳೇ ಕಂಪನಿ ಕಣಮ್ಮ, ಕಣ್ಣು ಮುಚ್ಚಿಕೊಂಡು ತಗೊಳ್ಳಿ” ಎಂಬ ಅಂಗಡಿಯ ಮಾತು. ಮಠದಲ್ಲಿ ತಾಳೆಗರಿಯ ಕಟ್ಟುಗಳನ್ನು ಬಿಚ್ಚಿಸುವಾಗ ನಮ್ಮ ಗುರುಗಳು, ಅಂಕಿತವೊಂದನ್ನೇ ನೋಡಿ ಇದು ಇಂತಹ ಶರಣರ ವಚನವೆಂದು ನಿರ್ಣಯಿಸಬೇಡಿರಿ, ಭಾಷೆಯನ್ನೂ ಪಾಠವನ್ನೂ ನೋಡಿರಿ ಎನ್ನುತ್ತಿದ್ದರು. ಫೋನಿನ ಅಂಗಡಿಯಲ್ಲಿ ಆ ಮಾತು ನೆನಪಾದೀತೆಂದು ನಾವು ಎಣಿಸಿರಲಿಲ್ಲ!

ಹಿಂದಿನ ಫೋನು ಕೆಟ್ಟರೆ ಮಾತು ನಿಲ್ಲುತ್ತಿತ್ತು, ಅಷ್ಟೆ. ಇಂದಿನ ಸ್ಮಾರ್ಟ್‌ಫೋನಿನೊಳಗೆ ಬ್ಯಾಂಕಿನ ಖಾತೆಯಿದೆ, ಪಿಂಚಣಿಯ ಸಂದೇಶವಿದೆ, ಮನೆಯೊಡತಿಯ ಉಳಿತಾಯವಿದೆ. ಇಂತಹ ಯಂತ್ರಕ್ಕೆ ತಯಾರಕರು ಆಗಾಗ ಸುರಕ್ಷತೆಯ ಪರಿಷ್ಕರಣೆಗಳನ್ನು, ಅಂದರೆ ಅಪ್‌ಡೇಟ್‌ಗಳನ್ನು, ಕಳುಹಿಸುತ್ತಿರಬೇಕು. ಅವು ನಿಂತ ಮೇಲೆ ಫೋನು ಹೊರನೋಟಕ್ಕೆ ಗಟ್ಟಿಯಾಗಿದ್ದರೂ ಒಳಗೆ ಅಗುಳಿಯಿಲ್ಲದ ಬಾಗಿಲು. ಅವನ್ನು ಕಳುಹಿಸಬೇಕಾದವರು ಯಾರು, ಎಷ್ಟು ವರ್ಷ ಕಳುಹಿಸುವರು ಎಂಬುದು ಹೆಸರಿನಿಂದ ತಿಳಿಯದು, ಕೇಳಿಯೇ ತಿಳಿಯಬೇಕು. ದುರಸ್ತಿಯ ಕೇಂದ್ರ ಎಲ್ಲಿದೆಯೆಂದೂ ಕೇಳಬೇಕು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ.; ಎರಡು ಬಾರಿ ಹೋಗಿಬಂದರೆ ಅಗ್ಗದ ಫೋನಿನ ಅಗ್ಗ ಉಳಿಯದು.

ಕೊಳ್ಳುವ ಮೊದಲು ಪೆಟ್ಟಿಗೆಯನ್ನು ತಿರುವಿ ನೋಡಿರಿ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಬೇಕಾದ ಸಂಖ್ಯೆ ಅಲ್ಲಿರಲೇಬೇಕೆಂದು 2011ರ ನಿಯಮವಿದೆ. ಅಕ್ಷರ ಸಣ್ಣದು, ಮಕ್ಕಳಿಂದ ಓದಿಸಿರಿ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಕೆ ವೈ ಎಂ’ ಎಂದು ಬರೆದು, ತೆರಪು ಬಿಟ್ಟು, ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳುಹಿಸಿದರೆ ಆ ಫೋನಿನ ವಿವರ ಬರುತ್ತದೆ. ಕೈಬರಹದ ಚೀಟಿಗೆ ಒಪ್ಪದೆ ಮುದ್ರಿತ ರಸೀದಿಯನ್ನೇ ಪಡೆಯಿರಿ. ತೊಡಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಯೂ ಬಗೆಹರಿಯದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ₹5 ಲಕ್ಷದವರೆಗಿನ ಬೆಲೆಯ ವಸ್ತುವಿಗೆ ಶುಲ್ಕವಿಲ್ಲ.